ಎಡಗಾಲನ್ನು ವಿಯೆನ್ನಾಗೆ ಕರೆದುಕೊಂಡು ಹೋದದ್ದು

ಕೆ.ಆರ್. ಪುರ

ವಿಯೆನ್ನಾಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಅರಮನೆ ನೋಡಿದಿರಾ, ಸಂಗೀತ ಕೇಳಿದಿರಾ ಎಂದು. ಅರಮನೆಯ ಗೇಟಿನವರೆಗೆ ಹೋಗಿದ್ದೆ. ಸಂಗೀತ ಕೇಳಲಿಲ್ಲ. ಶಬ್ದದಿಂದ ಚಿಕಿತ್ಸೆ ಮಾಡಿಸಿಕೊಂಡೆ, ಆದರೆ ಆ ಶಬ್ದ ಯಾರ ಕಿವಿಗೂ ಕೇಳಿಸುವಂಥದ್ದಲ್ಲ. ಹೇಳಬೇಕೆಂದರೆ ಪ್ರವಾಸ ಹೋದದ್ದು ನನ್ನ ಎಡಗಾಲು. ಉಳಿದ ನಾನು ಜೊತೆಗೆ ಹೋದೆ ಅಷ್ಟೆ.

ನಾನು ಕಮರ್ಷಿಯಲ್ ಸ್ಟ್ರೀಟಿನ ಒಂದು ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್. ಮೂವತ್ತೊಂದು ವರ್ಷದಿಂದ ಒಂದೇ ಕೌಂಟರಿನ ಹಿಂದೆ ನಿಂತಿದ್ದೇನೆ. ನಮ್ಮಲ್ಲಿ ಗಿರಾಕಿ ಕೂರುತ್ತಾರೆ, ನಾವು ನಿಲ್ಲುತ್ತೇವೆ. ಸೀರೆ ಬಿಚ್ಚಿ ಹಾಸುತ್ತೇವೆ, ಸೆರಗನ್ನು ನಮ್ಮ ಹೆಗಲ ಮೇಲೇ ಹಾಕಿಕೊಂಡು ತೋರಿಸುತ್ತೇವೆ. ಈ ಮೀಸೆ, ಈ ಹೊಟ್ಟೆಯ ಮೇಲೆ ಗುಲಾಬಿ ಬಣ್ಣದ ರೇಷ್ಮೆ ಸೆರಗು ಇಳಿಬಿಟ್ಟುಕೊಂಡು ನಿಂತ ನನ್ನನ್ನು ನೋಡಿಯೂ ಹೆಂಗಸರು ಸೀರೆ ಕೊಂಡಿದ್ದಾರೆ ಎಂದರೆ ನನ್ನ ಕೈಗುಣವನ್ನು ನೀವೇ ಊಹಿಸಿಕೊಳ್ಳಿ.

ಎಡಗಾಲಿನ ನರ ಯಾವಾಗ ಉಬ್ಬಲು ಶುರುವಾಯಿತೋ ನನಗೆ ಸರಿಯಾಗಿ ಗೊತ್ತಿಲ್ಲ. ಪ್ಯಾಂಟು ಹಾಕಿಕೊಂಡರೆ ಕಾಣದ ಸಂಗತಿಗಳ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವವನಲ್ಲ. ಮೊದಮೊದಲು ಮೊಣಕಾಲಿನ ಕೆಳಗೆ ನೀಲಿ ಗೆರೆಗಳಿದ್ದವು. ಆಮೇಲೆ ಅವು ಗಂಟು ಗಂಟಾದವು. ಒಂದು ದಿನ ಹೆಂಡತಿ ಗಿರಿಜಾ, "ರೀ, ಇದೇನ್ರೀ ಹಾಗಲಕಾಯಿ ಥರ ಆಗಿದೆ!" ಎಂದು ಕೂಗಿದಳು. "ಏನಿಲ್ಲ ಬಿಡೆ" ಎಂದೆ. ಕಣಕಾಲಿನ ಹತ್ತಿರ ಚರ್ಮ ಕಪ್ಪಾಯಿತು. ಆಗಲೂ ಏನಿಲ್ಲ ಎಂದೆ. ಕಪ್ಪಾದ ಜಾಗದಲ್ಲಿ ಒಂದು ಹುಣ್ಣಾಗಿ, ಐದು ತಿಂಗಳಾದರೂ ಅದು ಮಾಯದೇ ಹೋದಾಗ ಗಿರಿಜಾ ನನ್ನ ಮಾತು ಕೇಳುವುದನ್ನು ಬಿಟ್ಟು ಆಟೋ ಕರೆದಳು.

ಗರುಡಾಚಾರ್‌ಪಾಳ್ಯದ ನಮ್ಮ ಡಾಕ್ಟರು ಕಾಲನ್ನು ಒತ್ತಿ ನೋಡಿ ಹೇಳಿದರು: "ಮೂರ್ತಿಯವರೇ, ಕಾಲಿನ ರಕ್ತ ಮೇಲಕ್ಕೆ ಹೋಗ್ಬೇಕು. ಅದಕ್ಕೆ ನರದೊಳಗೆ ಸಣ್ ಸಣ್ ಬಾಗಿಲು ಇರ್ತವೆ. ನಿಮ್ಮ ಬಾಗಿಲೆಲ್ಲ ಕೆಟ್ಟೋಗಿದೆ. ಮೇಲೆ ಹೋದ ರಕ್ತ ವಾಪಸ್ ಜಾರಿ ಕೆಳಗೇ ನಿಂತ್ಕೊಳ್ತಿದೆ. ಮಳೆ ಬಂದ್ರೆ ಮಹದೇವಪುರದಲ್ಲಿ ನೀರು ನಿಲ್ಲಲ್ವಾ, ಹಂಗೆ." ಆ ಕೆಟ್ಟ ನರವನ್ನು ಮುಚ್ಚಿಸಿಬಿಟ್ಟರೆ ರಕ್ತ ಬೇರೆ ಒಳ್ಳೆಯ ನರಗಳ ದಾರಿ ಹಿಡಿಯುತ್ತದೆ, ಹುಣ್ಣೂ ಮಾಯುತ್ತದೆ ಎಂದರು. ಇಂದಿರಾನಗರದಲ್ಲಿ ಲೇಸರ್ ಮಾಡುತ್ತಾರೆ, ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡಬಹುದು ಎಂದೂ ಹೇಳಿದರು.

ಬೆಳಿಗ್ಗೆ ಹೋದವನು ಬೆಳಿಗ್ಗೆಯೇ ಬಂದೆ. ಕ್ಲಿನಿಕ್ಕಿನ ತಪ್ಪೇನೂ ಇಲ್ಲ. ಕಾಲು ಮರಗಟ್ಟಿಸಲು ತೊಡೆಯಿಂದ ಕೆಳಗಿನವರೆಗೆ ಸಾಲಾಗಿ ಚುಚ್ಚಬೇಕಾಗುತ್ತದೆ ಎಂದು ಹೇಳಿ ನರ್ಸಮ್ಮ ಟ್ರೇ ಮೇಲಿನ ಬಟ್ಟೆ ಸರಿಸಿದರು. ನನಗೆ ಸೂಜಿ ಕಂಡಿತು. ಆಮೇಲೆ ಕಂಡದ್ದು ಗಿರಿಜಾಳ ಮುಖ, ಅದೂ ತಲೆಕೆಳಗಾಗಿ. ಬೀಳುವಾಗ ನಾನು ಪರದೆಯನ್ನು ಹಿಡಿದುಕೊಂಡೆನಂತೆ, ಪರದೆ ಟ್ರೇಯನ್ನು ಎಳೆದುಕೊಂಡಿತಂತೆ. ಎರಡನೇ ಸಲ ಧೈರ್ಯ ಮಾಡಿ ಹೋದೆ. ಆ ಸಲ ಮೆಟ್ಟಿಲಲ್ಲೇ ಬಿದ್ದೆ.

ಇಷ್ಟರಲ್ಲಿ ನಮ್ಮ ಅಂಗಡಿಯ ಮಾಲೀಕರು ಸೇಠ್‌ಜಿ ಕರೆದು, "ಮೂರ್ತಿ, ಎಷ್ಟು ದಿನ ಹಿಂಗೆ ಕುಂಟ್ತೀರಿ? ಯುಗಾದಿ ಆದ್ಮೇಲೆ ಪ್ಯಾಕಿಂಗ್ ಕೌಂಟರ್‌ನಲ್ಲಿ ಆರಾಮಾಗಿ ಕೂತ್ಕೊಳ್ಳಿ" ಅಂದರು. ಪ್ರೀತಿಯಿಂದಲೇ ಅಂದರು. ಆದರೆ ಪ್ಯಾಕಿಂಗ್ ಕೌಂಟರ್ ಎಂದರೆ ಬೇರೆಯವರು ಮಾರಿದ ಸೀರೆಯನ್ನು ಕವರಿಗೆ ತುರುಕುವ ಜಾಗ. "ಅಣ್ಣ, ಮಗಳ ಬಣ್ಣಕ್ಕೆ ಯಾವ್ದು ಒಪ್ಪುತ್ತೆ, ನೀವೇ ಹೇಳಿ" ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ತಾಯಿಗೆ ಧಾರೆ ಸೀರೆ ಆರಿಸಿಕೊಟ್ಟವನು ಮಗಳಿಗೂ ಆರಿಸಿಕೊಟ್ಟಿದ್ದೇನೆ. ಆ ಕೌಂಟರು ಹೋದರೆ ನನ್ನ ಹತ್ತಿರ ಉಳಿಯುವುದೇನು ಎಂದು ಯೋಚಿಸಿ ನಿಜವಾಗಿಯೂ ಹೆದರಿದೆ. ಸೂಜಿಗೆ ಹೆದರಿದ್ದಕ್ಕಿಂತ ಹೆಚ್ಚು ಹೆದರಿದೆ.

ವಿಯೆನ್ನಾದಲ್ಲಿ ನನ್ನ ತಂಗಿ ವನಜಾ ಇದ್ದಾಳೆ. ಹಲಸೂರಿನ ಎರಡು ಕೋಣೆಯ ಮನೆಯಲ್ಲಿ ನನ್ನ ಜೊತೆ ಜಗಳವಾಡಿಕೊಂಡು ಬೆಳೆದವಳು, ಇಪ್ಪತ್ತು ವರ್ಷದಿಂದ ಅಲ್ಲಿನ ಒಂದು ವೃದ್ಧಾಶ್ರಮದಲ್ಲಿ ನರ್ಸ್. ಗಿರಿಜಾ ಫೋನಿನಲ್ಲಿ ನನ್ನ ಮಾನವನ್ನೆಲ್ಲ ಹರಾಜು ಹಾಕಿದ ಮೇಲೆ ಅವಳು ವಿಡಿಯೊದಲ್ಲಿ ಬಂದಳು.

"ಅಣ್ಣ, ಇಲ್ಲೊಬ್ರು ಡಾಕ್ಟರ್ ಅಲ್ಟ್ರಾಸೌಂಡಲ್ಲೇ ನರ ಮುಚ್ತಾರೆ. ಕುಯ್ಯಲ್ಲ, ಒಳಗೆ ವೈರ್ ಹಾಕಲ್ಲ. ಚಿಕ್ಕೋರಿದ್ದಾಗ ಭೂತಗನ್ನಡೀಲಿ ಬಿಸಿಲು ಹಿಡಿದು ಕಾಗದ ಸುಡ್ತಿದ್ವಲ್ಲ? ಹಂಗೆ ಆ ಶಬ್ದಾನ ಒಂದೇ ಕಡೆ ಸೇರಿಸಿ, ಚರ್ಮಕ್ಕೆ ಏನೂ ಆಗ್ದಂಗೆ ಒಳಗಿರೋ ನರಾನ ಮಾತ್ರ ಸುಡ್ತಾರೆ. ಟಿಕೆಟ್ಟು, ಖರ್ಚು ಎಲ್ಲ ನಂದು."

"ಸೂಜಿ?"

"ಸಾಮಾನ್ಯವಾಗಿ ಬೇಕಾಗಲ್ಲ."

ಈ ‘ಸಾಮಾನ್ಯವಾಗಿ’ಗೆ ನಾನು ಆಗ ಗಮನ ಕೊಡಲಿಲ್ಲ. ಒಂದು ಸೂಜಿಯಿಂದ ತಪ್ಪಿಸಿಕೊಳ್ಳಲು ಅರ್ಧ ಭೂಮಿ ದಾಟಲು ಹೊರಟ ಮನುಷ್ಯ ನಾನು. ವೀಸಾ ಸಂದರ್ಶನದಲ್ಲಿ ಪ್ರಯಾಣದ ಉದ್ದೇಶ ಏನೆಂದು ಕೇಳಿದಾಗ ಪ್ಯಾಂಟು ಮೊಣಕಾಲಿನವರೆಗೆ ಮಡಚಿ ತೋರಿಸಿದೆ. ಅವರು ಬೇಗ ಬೇಗ ಮುದ್ರೆ ಒತ್ತಿದರು.

ವಿಮಾನ

ಉದ್ದ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಡಾಕ್ಟರು ಒಂದು ಜೊತೆ ಬಿಗಿ ಕಾಲುಚೀಲ ಬರೆದುಕೊಟ್ಟಿದ್ದರು. ಅದನ್ನು ಹಾಕಿಕೊಳ್ಳುವುದು ಒಬ್ಬರ ಕೆಲಸವಲ್ಲ. ಮನೆಯಲ್ಲಿ ನಾನು ಮಂಚದ ಮೇಲೆ ಮಲಗಿ ಕಾಲೆತ್ತಿದೆ, ಗಿರಿಜಾ ಪೌಡರ್ ಹಾಕಿ ಎಳೆದಳು. ಎಳೆದ ರಭಸಕ್ಕೆ ನಾನೇ ಮಂಚದ ತುದಿಗೆ ಬಂದೆ. "ಎದ್ದು ಓಡ್ಬೇಡಿ, ಇನ್ನೊಂದ್ ಕಾಲಿದೆ" ಎಂದಳು. ದಾರಿಯಲ್ಲಿ ವಿಮಾನ ಬದಲಿಸುವ ಊರಿನಲ್ಲಿ, ತುರಿಕೆ ತಡೆಯಲಾರದೆ ಅದನ್ನು ಬಿಚ್ಚಿದೆ. ಗಿರಿಜಾ ಇಲ್ಲದೆ ಮತ್ತೆ ಹಾಕಿಕೊಳ್ಳಲು ವಿಮಾನ ನಿಲ್ದಾಣದ ಟಾಯ್ಲೆಟ್ಟಿನಲ್ಲಿ ಮುಕ್ಕಾಲು ಗಂಟೆ ಒದ್ದಾಡಿದೆ. ಪಕ್ಕದ ಬಾಗಿಲಿನಿಂದ ಯಾರೋ ಇಂಗ್ಲಿಷಿನಲ್ಲಿ, ಸಹಾಯ ಬೇಕಾ ಎಂದು ವಿಚಾರಿಸಿದರು. ನಾನು ಹೊರಡಿಸುತ್ತಿದ್ದ ಸದ್ದು ಹಾಗಿತ್ತು.

ಗಂಟೆಗೊಮ್ಮೆ ಎದ್ದು ಓಡಾಡಬೇಕು ಎಂಬುದು ಇನ್ನೊಂದು ಆಜ್ಞೆ. ಎದ್ದೆ, ಹಿಂದಿನ ಕಡೆಗೆ ನಡೆದೆ. ಅಲ್ಲಿ ಸ್ವಲ್ಪ ಜಾಗವಿತ್ತು. ಜಾಗ ಕಂಡರೆ ನಿಲ್ಲುವುದು ನನ್ನ ಅಭ್ಯಾಸ. ಕೈ ಎರಡನ್ನೂ ಮುಂದೆ ಕಟ್ಟಿಕೊಂಡು, ಮುಖದಲ್ಲಿ ಅಂಗಡಿಯ ನಗೆ ಇಟ್ಟುಕೊಂಡು ನಿಂತೆ. ಎರಡು ನಿಮಿಷದಲ್ಲಿ ಒಬ್ಬ ವಯಸ್ಸಾದ ಹೆಂಗಸು ನನ್ನತ್ತ ಬೆರಳು ತೋರಿಸಿ ನೀರು ಕೇಳಿದರು. ನಾನು ಪ್ರಯಾಣಿಕ ಎಂದು ಹೇಳಬಹುದಿತ್ತು. ಬಾಯಲ್ಲಿ ಬಂದದ್ದು, "ಒಂದ್ ನಿಮಿಷ ಮೇಡಂ, ಕೊಟ್ಟೆ." ಒಳಗೆ ಹೋಗಿ ಗಗನಸಖಿಯ ಹತ್ತಿರ ನೀರು ಇಸಿದುಕೊಂಡು ಬಂದು ಕೊಟ್ಟೆ. ಅದನ್ನು ನೋಡಿದ ಮತ್ತಿಬ್ಬರು ಕೇಳಿದರು. ಒಬ್ಬರು ಕಂಬಳಿ ಕೇಳಿದರು. ಕಂಬಳಿಯನ್ನು ಬಿಚ್ಚಿ, ಒಮ್ಮೆ ಒದರಿ, ಅಂಚು ಅಂಚಿಗೆ ಸೇರಿಸಿ ಮಡಚಿ ಕೊಟ್ಟಾಗ ಆ ಮನುಷ್ಯ ಅದನ್ನು ಹೊದೆಯಲು ಹಿಂಜರಿದ. ಕೊನೆಗೆ ಗಗನಸಖಿ ಬಂದು, ದಯವಿಟ್ಟು ನಿಮ್ಮ ಸೀಟಿಗೆ ಹೋಗಿ ಎಂದು ಬಹಳ ವಿನಯದಿಂದ ಹೇಳಿದಳು.

ವಿಯೆನ್ನಾ, ಮೊದಲ ದಿನ

ವನಜಾ ವಿಮಾನ ನಿಲ್ದಾಣದಲ್ಲಿ ಮೊದಲು ನನ್ನ ಕಾಲು ನೋಡಿದಳು, ಆಮೇಲೆ ಮುಖ. "ಬಾ ಅಣ್ಣ" ಎಂದವಳ ಕಣ್ಣು ತುಂಬಿತ್ತು. ಆರು ವರ್ಷವಾಗಿತ್ತು ನೋಡಿ. ಆ ಸಂತೋಷ ಅವಳ ಮನೆಯ ರಸ್ತೆಯವರೆಗೆ ಮಾತ್ರ ಉಳಿಯಿತು.

ಆ ಊರಿನಲ್ಲಿ ನಡೆದುಹೋಗುವವರಿಗೂ ಕೆಂಪು ದೀಪವಿದೆ. ಇರಲಿ, ನಮ್ಮಲ್ಲೂ ಇದೆ. ಆದರೆ ಇಲ್ಲಿ ಜನ ಅದನ್ನು ನೋಡುತ್ತಾರೆ. ಬೆಳಿಗ್ಗೆ ಹೊತ್ತು ಕಣ್ಣಿಗೆ ಕಾಣುವಷ್ಟು ದೂರ ಒಂದೇ ಒಂದು ಕಾರಿಲ್ಲ. ರಸ್ತೆಯ ಅಗಲ ನಮ್ಮ ಶಿವಾಜಿನಗರದ ಒಂದು ಗಲ್ಲಿಯಷ್ಟು. ಈ ಕಡೆ ಹತ್ತು ಜನ, ಆ ಕಡೆ ಎಂಟು ಜನ, ಮಧ್ಯೆ ಯಾರೂ ಇಲ್ಲ. ಎಲ್ಲರೂ ದೀಪಕ್ಕೆ ಕಾಯುತ್ತಿದ್ದಾರೆ. ಕೆ.ಆರ್. ಪುರದ ತೂಗುಸೇತುವೆಯ ಕೆಳಗೆ ದಿನಕ್ಕೆರಡು ಸಲ ಲಾರಿ, ಬಸ್ಸು, ನೀರಿನ ಟ್ಯಾಂಕರ್‌ಗಳಿಗೆ ಅಂಗೈ ತೋರಿಸಿ ದಾಟುವ ನಾನು ಇದನ್ನು ನೋಡುತ್ತಾ ನಿಲ್ಲಲಾದೀತೆ? ಖಾಲಿ ರಸ್ತೆಗೂ ಅಭ್ಯಾಸಬಲದಿಂದ ಅಂಗೈ ತೋರಿಸಿ ದಾಟಿಬಿಟ್ಟೆ. ಆ ಕಡೆ ಊರುಗೋಲು ಹಿಡಿದ ಅಜ್ಜಿಯೊಬ್ಬರು ನನಗಾಗಿಯೇ ಕಾಯುತ್ತಿದ್ದರು. ಜರ್ಮನ್ ಭಾಷೆಯಲ್ಲಿ ಬೈದರು. ಭಾಷೆ ಗೊತ್ತಿಲ್ಲದಿದ್ದರೂ ಎಲ್ಲ ಅರ್ಥವಾಯಿತು. ವನಜಾ ಹಸಿರು ದೀಪ ಬಂದ ಮೇಲೆ ನಿಧಾನವಾಗಿ ದಾಟಿ ಬಂದು, ಈ ಮನುಷ್ಯ ಯಾರೋ ಗೊತ್ತಿಲ್ಲ ಎಂಬಂತೆ ನನ್ನ ಪಕ್ಕದಿಂದ ಮುಂದೆ ಹೋದಳು.

ವಿಯೆನ್ನಾ, ಎರಡನೇ ದಿನ

ಡಾಕ್ಟರ ಕಾಯುವ ಕೋಣೆಗೆ ಹೊಸಬರು ಬಂದಾಗ, ಅಲ್ಲಿ ಕೂತ ಎಲ್ಲರಿಗೂ ನಮಸ್ಕಾರ ಹೇಳುವುದು ಅಲ್ಲಿನ ರೂಢಿ. ಪರಿಚಯವಿರಬೇಕಾಗಿಲ್ಲ. ಎಲ್ಲರೂ ತಿರುಗಿ ನಮಸ್ಕಾರ ಹೇಳಿ, ಮತ್ತೆ ತಮ್ಮ ತಮ್ಮ ಪತ್ರಿಕೆಯೊಳಗೆ ಹೋಗಿಬಿಡುತ್ತಾರೆ. ನನಗೆ ಇದು ಬಹಳ ಹಿಡಿಸಿತು. ಬಾಗಿಲು ತೆರೆದಾಗಲೆಲ್ಲ ಎಲ್ಲರಿಗಿಂತ ಮೊದಲು ಎದ್ದು ಕೈ ಜೋಡಿಸಿ, "ಬನ್ನಿ ಬನ್ನಿ" ಎನ್ನತೊಡಗಿದೆ. ಮೂರನೆಯವರಿಗೆ ಖಾಲಿ ಕುರ್ಚಿಯನ್ನೂ ತೋರಿಸಿದೆ. "ಅಣ್ಣ, ಇದು ನಿನ್ನ ಅಂಗಡಿ ಅಲ್ಲ, ಕೂತ್ಕೋ" ಎಂದು ವನಜಾ ಅಂಗಿ ಹಿಡಿದು ಎಳೆದಳು.

ಒಳಗೆ ಡಾಕ್ಟರಮ್ಮ, ನರೆತ ಕೂದಲಿನ ಎತ್ತರದ ಹೆಂಗಸು, ಇಂಗ್ಲಿಷಿನಲ್ಲಿ ಪ್ಯಾಂಟು ತೆಗೆಯಿರಿ ಎಂದರು. ಅಲ್ಲಿ ಪರದೆಯೂ ಇಲ್ಲ, ಹೊದೆಯಲು ಬಟ್ಟೆಯೂ ಇಲ್ಲ. ಇದನ್ನು ಮೊದಲೇ ಊಹಿಸಿದ ಗಿರಿಜಾ ಬ್ಯಾಗಿನಲ್ಲಿ ಒಂದು ಪಂಚೆ ಇಟ್ಟಿದ್ದಳು. ಗೋಡೆಯ ಕಡೆ ತಿರುಗಿ ಪಂಚೆ ಸುತ್ತಿಕೊಂಡು, ಪ್ಯಾಂಟು ಕಳಚಿ, ಪಂಚೆಯನ್ನು ಎತ್ತಿ ಕಟ್ಟಿ ಸಿದ್ಧನಾದೆ. ಡಾಕ್ಟರಮ್ಮ ಇಷ್ಟನ್ನೂ ಒಂದು ಪ್ರದರ್ಶನವೆಂಬಂತೆ ಕೊನೆಯವರೆಗೆ ನೋಡಿದರು.

ಪರೀಕ್ಷೆಯನ್ನು ನಿಂತುಕೊಂಡೇ ಮಾಡಬೇಕಂತೆ. ನಿಂತಾಗಲೇ ರಕ್ತ ಕೆಳಗೆ ಜಾರುವುದು ಯಂತ್ರದ ಪರದೆಯ ಮೇಲೆ ಕಾಣುವುದು. ಕೆಲವರಿಗೆ ಅಷ್ಟು ಹೊತ್ತು ಅಲ್ಲಾಡದೆ ನಿಲ್ಲುವುದು ಕಷ್ಟ, ಬೇಕಾದರೆ ಹೇಳಿ ಎಂದರು. ನನಗೆ ನಗು ಬಂತು. ಕಾಲ ಮೇಲೆ ತಣ್ಣನೆಯ ಜೆಲ್ ಹಚ್ಚಿ ತೊಡೆಯಿಂದ ಕೆಳಗೆ ಗೆರೆ ಎಳೆಯುತ್ತಾ ಹೋಗುವಷ್ಟೂ ಹೊತ್ತು ಕಂಬದಂತೆ ನಿಂತೆ. "ಇಷ್ಟು ಚೆನ್ನಾಗಿ ನಿಲ್ಲುವವರನ್ನು ನಾನು ನೋಡಿಲ್ಲ" ಎಂದರು ಡಾಕ್ಟರಮ್ಮ. ಅದೇ ಕಾರಣಕ್ಕೆ ಕಾಲು ಹಾಳಾಗಿದೆ ಎಂಬುದನ್ನು ಮರೆತು ನಾನು ಎದೆಯುಬ್ಬಿಸಿದೆ. ಮರುದಿನ ಬೆಳಿಗ್ಗೆ ಬರಲು ಹೇಳಿದರು.

ವಿಯೆನ್ನಾ, ಮೂರನೇ ದಿನ

ವನಜಾ ಹೊರಗೆ ಕೂತಳು. ಒಳಗೆ ನಾನು, ಡಾಕ್ಟರಮ್ಮ ಮತ್ತು ದಪ್ಪ ಮೀಸೆಯ ಒಬ್ಬ ನರ್ಸ್. ನನ್ನನ್ನು ಮಲಗಿಸಿ, ಯಂತ್ರದ ಒಂದು ತೋಳನ್ನು ತೊಡೆಯ ಮೇಲೆ ಇಳಿಸಿದರು. ಅದರ ತುದಿಯಲ್ಲಿ ನೀರು ತುಂಬಿದ ಮೆತ್ತನೆಯ ಚೀಲವಿತ್ತು, ಚರ್ಮ ತಣ್ಣಗಿರಲೆಂದು. ಕೆಲವು ಸೆಕೆಂಡು ಶಬ್ದ ಬಿಡುತ್ತೇವೆ, ಸ್ವಲ್ಪ ತಣಿಯಲು ಬಿಡುತ್ತೇವೆ, ಮತ್ತೆ ಸ್ವಲ್ಪ ಕೆಳಗೆ. ಹೀಗೆ ಮೊಣಕಾಲಿನವರೆಗೆ ಎಂದು ವಿವರಿಸಿದರು.

"ಪ್ರತಿ ಸಲ ನೋವು ಎಷ್ಟು ಎಂದು ಹೇಳಬೇಕು. ಸೊನ್ನೆ ಎಂದರೆ ನೋವೇ ಇಲ್ಲ. ಹತ್ತು ಎಂದರೆ ನೀವು ಊಹಿಸಬಹುದಾದ ಅತಿ ದೊಡ್ಡ ನೋವು."

ಇಲ್ಲಿ ನಮ್ಮ ಬೀದಿಯ ಒಂದು ರೀತಿಯನ್ನು ಹೇಳಬೇಕು. ನಮ್ಮಲ್ಲಿ ಯಾರಾದರೂ ಎಷ್ಟು ಎಂದು ಕೇಳಿದರೆ ಮೊದಲು ಹೇಳುವ ಸಂಖ್ಯೆ ನಿಜವಾದ ಸಂಖ್ಯೆಯಲ್ಲ. ಅದು ಮಾತಿಗೆ ಶುರು. ಕೇಳುವವರಿಗೂ ಇದು ಗೊತ್ತು. ನಾವು ಎಂಟು ಎನ್ನುತ್ತೇವೆ, ಅವರು ಎರಡು ಎನ್ನುತ್ತಾರೆ, ಅಯ್ಯೋ ಎಂದು ಇಬ್ಬರೂ ಎದೆ ಮುಟ್ಟಿಕೊಳ್ಳುತ್ತೇವೆ, ನಾಲ್ಕಕ್ಕೆ ಬಂದು ನಿಲ್ಲುತ್ತೇವೆ. ಮೊದಲ ಮಾತಿಗೇ ನಿಜ ಹೇಳಿದರೆ ಗಿರಾಕಿಗೇ ಅನುಮಾನ ಬರುತ್ತದೆ.

ಮೊದಲ ಶಬ್ದ ಬಿಟ್ಟರು. ಕಾಫಿ ಲೋಟ ತೊಡೆಗೆ ತಾಗಿದಷ್ಟು ಬಿಸಿ, ಅಷ್ಟೆ.

"ಎಷ್ಟು?"

"ಎಂಟು" ಎಂದಿತು ನನ್ನ ಬಾಯಿ.

ಡಾಕ್ಟರಮ್ಮ ಕೈ ಎತ್ತಿದರು, ಯಂತ್ರ ನಿಂತಿತು. ಅವರು ಎರಡು ಎನ್ನುತ್ತಾರೆಂದು ನಾನು ಕಾದೆ. ಅನ್ನಲಿಲ್ಲ. ಏನೋ ಒತ್ತಿ ಶಕ್ತಿ ಕಡಿಮೆ ಮಾಡಿದರು. ಎರಡನೇ ಸಲ ಬಿಸಿ ಇನ್ನೂ ಕಡಿಮೆ. ನಾನೂ ಸ್ವಲ್ಪ ಇಳಿಯುವುದು ನ್ಯಾಯವೆಂದುಕೊಂಡು, "ಏಳು" ಎಂದೆ. ಮತ್ತೆ ಶಕ್ತಿ ಇಳಿಸಿದರು. ಮೂರನೇ ಸಲ ನನಗೆ ಏನೂ ಗೊತ್ತಾಗಲೇ ಇಲ್ಲ. "ಆರು" ಎಂದೆ. ಅವರು ಪರದೆಯನ್ನೇ ಬಹಳ ಹೊತ್ತು ನೋಡಿದರು.

"ಇಷ್ಟು ಕಡಿಮೆ ಶಕ್ತಿಯಲ್ಲಿ ಇದು ಮುಚ್ಚುವುದಿಲ್ಲ. ಹೆಚ್ಚು ಮಾಡಬೇಕೆಂದರೆ ನಿಮಗೆ ನೋವು ಜಾಸ್ತಿ. ಪರವಾಗಿಲ್ಲ, ಮರಗಟ್ಟಿಸೋಣ" ಎಂದು ನರ್ಸ್ ಕಡೆ ತಿರುಗಿದರು.

ಮೀಸೆಯವನು ಡ್ರಾಯರ್ ಎಳೆದ. ಆ ಸದ್ದು ಕೇಳಿದ ಕೂಡಲೇ ನನಗೆ ಎಲ್ಲ ಹೊಳೆಯಿತು.

"ನಾಲ್ಕು!" ಎಂದು ಕೂಗಿದೆ. ಡ್ರಾಯರ್ ಮುಚ್ಚಲಿಲ್ಲ. "ಮೂರು! ಕೊನೇ ಮಾತು ಮೇಡಂ, ಮೂರು!"

ಡಾಕ್ಟರಮ್ಮ ಕನ್ನಡಕ ತೆಗೆದರು. ಕುರ್ಚಿ ಎಳೆದುಕೊಂಡು ನನ್ನ ತಲೆಯ ಹತ್ತಿರ ಬಂದು ಕೂತರು. ಬೈಯಲಿಲ್ಲ. "ನಾನು ನಿಮ್ಮ ಕಾಲಿನೊಳಗೆ ಸುಡುತ್ತಿದ್ದೇನೆ. ಸುಡಬೇಕಾದ್ದರ ಪಕ್ಕದಲ್ಲೇ ಸುಡಬಾರದ್ದೂ ಇದೆ. ಅದು ನನಗೆ ಪರದೆಯ ಮೇಲೆ ಯಾವಾಗಲೂ ಕಾಣುವುದಿಲ್ಲ, ನಿಮಗೆ ಗೊತ್ತಾಗುತ್ತದೆ. ಅದಕ್ಕೇ ಕೇಳುವುದು. ನೀವು ಹೇಳುವ ಸಂಖ್ಯೆಯನ್ನು ನಾನು ನಂಬಲಾಗದಿದ್ದರೆ ಇದನ್ನು ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ."

ಪ್ಯಾಕಿಂಗ್ ಕೌಂಟರು ಕಣ್ಣ ಮುಂದೆ ಬಂತು. ಮರ್ಯಾದೆ ಬಿಟ್ಟು, ನಮ್ಮ ಬೀದಿಯ ರೀತಿಯನ್ನು ನನ್ನ ಹರಕು ಮುರುಕು ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಮೀಸೆಯವನು ಗೋಡೆಯ ಕಡೆ ತಿರುಗಿಕೊಂಡ, ಅವನ ಭುಜ ಕುಲುಕುತ್ತಿತ್ತು. ಡಾಕ್ಟರಮ್ಮ ನಗಲಿಲ್ಲ.

"ಸರಿ. ಅಂಗಡಿಯಲ್ಲಿ ದಿನವಿಡೀ ನಿಂತ ಮೇಲೆ, ಸಂಜೆ ಹೊತ್ತಿಗೆ, ಈ ಕಾಲಿನ ನೋವು ಎಷ್ಟು?"

ಏನಿಲ್ಲ ಎನ್ನಲು ಬಾಯಿ ತೆರೆದೆ. ಮನೆಯಲ್ಲಿ ಯಾವಾಗಲೂ ಅದನ್ನೇ ಹೇಳುತ್ತಿದ್ದೆ. ಮೇಲಿನ ದೀಪವನ್ನೇ ನೋಡುತ್ತಾ ಮಲಗಿದ್ದೆ. ಸಂಜೆ ಐದಾದ ಮೇಲೆ ಕೌಂಟರಿನ ಅಂಚನ್ನು ಹಿಡಿದುಕೊಂಡು ನಗುವುದು, ಬಸ್ಸಿನಲ್ಲಿ ಸೀಟು ಸಿಕ್ಕರೆ ಯಾರಿಗೂ ಕಾಣದಂತೆ ಕಣ್ಣೊರೆಸಿಕೊಳ್ಳುವುದು, ಎಲ್ಲ ನೆನಪಾಯಿತು.

"ಎಂಟು" ಎಂದೆ.

"ಎಂಟೇ?"

"ಎಂಟೇ."

ಕಣ್ಣಲ್ಲಿ ನೀರು ಬಂದುಬಿಟ್ಟಿತು. ಯಾರೂ ಕೇಳಿರಲಿಲ್ಲ ಎಂದಲ್ಲ. ಗಿರಿಜಾ ದಿನವೂ ಕೇಳುತ್ತಿದ್ದಳು. ನಾನೇ ದಿನವೂ ಅವಳಿಗೆ ಸೊನ್ನೆ ಹೇಳುತ್ತಿದ್ದೆ. ಡಾಕ್ಟರಮ್ಮ ಒಂದು ಕಾಗದದ ಕರವಸ್ತ್ರ ಕೊಟ್ಟು, "ಈಗ ನಿಮಗೆ ಎಂಟು ಎಂದರೆ ಏನೆಂದು ಇಬ್ಬರಿಗೂ ಗೊತ್ತಾಯಿತು. ಅದಕ್ಕೆ ಹೋಲಿಸಿ ಹೇಳಿ" ಎಂದು ಎದ್ದು ಹೋದರು.

ಮತ್ತೆ ಮೊದಲಿನಿಂದ ಶುರುವಾಯಿತು. ಎರಡು. ಮೂರು. ಮೂರು. ನಾಲ್ಕು. ಒಂದೊಂದು ಸಲವೂ ಹೇಳುವ ಮುಂಚೆ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು, ನಿಜವಾದ ಸಂಖ್ಯೆ ಹುಡುಕುವ ಅಭ್ಯಾಸ ನನಗಿಲ್ಲ. ಮೊಣಕಾಲಿನ ಹತ್ತಿರ ಬಂದಾಗ ಒಳಗೆ ಯಾರೋ ಬೆಂಕಿಕಡ್ಡಿ ತಾಗಿಸಿದಂತಾಗಿ ಪಾದದವರೆಗೆ ಜುಮ್ಮೆಂದಿತು. "ಏಳು" ಎಂದೆ. ತಕ್ಷಣ ನಿಲ್ಲಿಸಿ, ತೋಳನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. "ಇದನ್ನು ಹೇಳಿದ್ದು ಒಳ್ಳೆಯದಾಯಿತು" ಎಂದರು. ಸೂಜಿ ಡ್ರಾಯರಿನಲ್ಲೇ ಉಳಿಯಿತು.

ಮುಗಿದ ಮೇಲೆ ಇಳಿದು ನಡೆಯಿರಿ ಎಂದರು. ಕುಯ್ದ ಗುರುತಿಲ್ಲ, ಪಟ್ಟಿಯಿಲ್ಲ. ಮೀಸೆಯವನು ನನ್ನ ಪಕ್ಕದಲ್ಲಿ ಅರ್ಧ ಗಂಟೆ ಮೊಗಸಾಲೆಯುದ್ದಕ್ಕೂ ನಡೆದ. ಒಂದು ತಿರುವಿನಲ್ಲಿ ಬೆರಳೆತ್ತಿ, ತುಂಬಾ ಗಂಭೀರವಾಗಿ, "ಎಂಟು?" ಎಂದ. "ಎರಡು" ಎಂದೆ. ಕೈ ಕುಲುಕಿದ.

ಒಂದು ವಾರ, ನಡೆಯುತ್ತಾ

ದಿನಕ್ಕೆ ಎರಡು ಹೊತ್ತು ನಡೆಯಬೇಕು, ಉಳಿದ ಹೊತ್ತು ಕಾಲೆತ್ತಿ ಕೂರಬೇಕು, ವಾರ ಕಳೆದು ಮತ್ತೆ ಪರೀಕ್ಷೆ ಮಾಡುವವರೆಗೆ ವಿಮಾನ ಹತ್ತುವಂತಿಲ್ಲ. ಹೀಗೆ ಪುಕ್ಕಟೆಯಾಗಿ ಪ್ರವಾಸಿಯಾದೆ. ಟ್ರಾಮಿನಲ್ಲಿ ನಾಯಿಗಳು ಜನರಿಗಿಂತ ಗಂಭೀರವಾಗಿ ಕೂತಿರುತ್ತವೆ. ನಮ್ಮ ಬೀದಿ ನಾಯಿಗೆ ಮಾಡುವಂತೆ ಒಂದಕ್ಕೆ ನಾಲಿಗೆಯಿಂದ ಲೊಚಗುಟ್ಟಿದೆ. ಅದು ಮುಖ ತಿರುಗಿಸಿತು, ಅದರ ಯಜಮಾನರೂ ತಿರುಗಿಸಿದರು. ಕಾಫಿ ಕೇಳಿದರೆ ಪಕ್ಕದಲ್ಲಿ ಒಂದು ಲೋಟ ನೀರು ಇಟ್ಟು, ಎಷ್ಟು ಹೊತ್ತು ಕೂತರೂ ಎಬ್ಬಿಸುವುದಿಲ್ಲ. ಶಿವಾಜಿನಗರದ ಟೀ ಅಂಗಡಿಯಲ್ಲಿ ನಿಂತು ನಾಲ್ಕು ಗುಟುಕಿಗೆ ಮುಗಿಸುವ ನನಗೆ ಅಷ್ಟು ಹೊತ್ತು ಏನು ಯೋಚಿಸಬೇಕೆಂದು ತಿಳಿಯಲಿಲ್ಲ.

ಅರಮನೆಗೂ ಹೋದೆ. ಗೇಟಿನಲ್ಲಿ ಸಾಲಿತ್ತು, ಸೇರಿಕೊಂಡೆ. ಸಾಲಿನಲ್ಲಿ ನಿಲ್ಲುವುದೂ ಒಂದು ಸುಖ. ನಲವತ್ತು ನಿಮಿಷವಾದ ಮೇಲೆ, ನಡೆಯಬಹುದು, ಕೂರಬಹುದು, ಮಲಗಬಹುದು, ನಿಲ್ಲಬಾರದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ನನ್ನ ಮುಂದೆ ಆರೇ ಜನರಿದ್ದರು. ಜೊತೆಗಿದ್ದ ವನಜಾಳ ಮುಖ ನೋಡಿ ಸುಮ್ಮನೆ ಸಾಲು ಬಿಟ್ಟು ಹೊರಬಂದೆ.

ತೋಟದ ಬೆಂಚಿನ ಮೇಲೆ ಕೂತು ಅವಳಿಗೆ ಎಂಟು, ಏಳು, ಆರರ ಕಥೆ ಹೇಳಿದೆ. ನಕ್ಕು ನಕ್ಕು ಅವಳ ಕೈಯ ಬನ್ನು ಪಾರಿವಾಳಗಳ ಪಾಲಾಯಿತು. ಆಮೇಲೆ ಇದ್ದಕ್ಕಿದ್ದಂತೆ ಸಿಟ್ಟಾದಳು. "ನೋವಿಗೂ ಚೌಕಾಸಿನಾ ಅಣ್ಣ? ಯಾರಾದ್ರೂ ಮಾಡ್ತಾರಾ? ಅತ್ತಿಗೆಗೆ ಫೋನ್ ಮಾಡು, ಈಗ್ಲೇ."

ಮಾಡಿದೆ. "ಈಗ ಹೆಂಗಿದೆ ರೀ?" ಎಂದಳು ಗಿರಿಜಾ.

"ಎರಡು."

"ಏನು ಎರಡು?"

ಹೇಳಿದೆ. "ಇಷ್ಟು ದಿನ ಎಷ್ಟಿತ್ತು?" ಎಂದು ಕೇಳಿದಳು. ಎಂಟು ಎಂದೆ. "ಎಂಟು ಇಟ್ಕೊಂಡು ನನ್ ಜೊತೆ ರಸೆಲ್ ಮಾರ್ಕೆಟ್ಟಿಗೆ ಬಂದು ಎರಡೂ ಬ್ಯಾಗ್ ಹೊರ್ತಿದ್ರಾ? ನಾನು ಬೈಕೊಂಡು ಬೈಕೊಂಡು ನಡೆಸ್ತಿದ್ನಲ್ರೀ..." ಎಂದವಳೇ ಫೋನಿಟ್ಟಳು. ಅವಳು ಅಳುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು.

ವಾರದ ಪರೀಕ್ಷೆಯಲ್ಲಿ ಕೆಟ್ಟ ನರ ಪೂರ್ತಿ ಮುಚ್ಚಿತ್ತು. ಪರದೆಯ ಮೇಲೆ ಅದೊಂದು ಕಪ್ಪು ದಾರದಂತೆ ಕಂಡಿತು. ಹುಣ್ಣಿನ ಅಂಚು ಒಣಗತೊಡಗಿತ್ತು. "ನಿಮ್ಮ ಕೌಂಟರಿಗೆ ಹೋಗಬಹುದು" ಎಂದರು ಡಾಕ್ಟರಮ್ಮ. "ಆದರೆ ಬಲಗಾಲಿನಲ್ಲೂ ಶುರುವಾಗುತ್ತಿದೆ. ಹಾಗೇ ನಿಂತರೆ ಹೊಸದು ಬರುತ್ತದೆ. ಗಂಟೆಗೊಮ್ಮೆ ಹತ್ತು ನಿಮಿಷ ಕಾಲೆತ್ತಿ ಕೂರಲೇಬೇಕು." ಅದನ್ನೇ ಇಂಗ್ಲಿಷಿನಲ್ಲಿ ಬರೆದು, ಸಹಿ ಹಾಕಿ, ಮಾಲೀಕರಿಗೆ ಕೊಡಿ ಎಂದರು.

ಕಮರ್ಷಿಯಲ್ ಸ್ಟ್ರೀಟ್

ಊರಿಗೆ ಬಂದು ಕೆಲವು ವಾರಕ್ಕೆ ಹುಣ್ಣು ಮಾಯಿತು. ಅಂಗಡಿಗೆ ಹೋಗಿ ಕಾಗದ ಕೊಟ್ಟೆ. ಸೇಠ್‌ಜಿ ಎರಡು ಸಲ ಓದಿದರು. "ಫಾರಿನ್ ಡಾಕ್ಟರ್ ಹೇಳಿದ್ಮೇಲೆ ಮುಗೀತು. ಪ್ಯಾಕಿಂಗ್ ಯಾಕೆ ಮೂರ್ತಿ, ನಿಮ್ ಕೌಂಟರ್ ನಿಮ್ದೇ" ಎಂದು ಮೇಲಿನ ಗೋಡೌನಿನಿಂದ ನನಗೊಂದು ಎತ್ತರದ ಸ್ಟೂಲು ತರಿಸಿಕೊಟ್ಟರು. ಗೆದ್ದುಬಿಟ್ಟೆ ಎನ್ನಿಸಿತು. ಆ ಅಂಗಡಿಯ ಕೌಂಟರಿನ ಹಿಂದೆ ಸ್ಟೂಲು ಬಂದದ್ದು ಅದೇ ಮೊದಲು.

ಅವತ್ತು ಇಡೀ ದಿನ ನನ್ನದೇ ಮಾತು. ಕೇಳುವವರು ಇಬ್ಬರು. ನನ್ನ ಪಕ್ಕದಲ್ಲಿ ಹದಿನಾಲ್ಕು ವರ್ಷದಿಂದ ಬ್ಲೌಸ್ ಪೀಸ್ ಮಾರುವ ಶೋಭಾ, ಆ ಕಡೆ ಕಾಟನ್ ಸೀರೆಗಳ ಬಾಷಾ. ನಾಲ್ಕು ಗಂಟೆಗೆ ಗಿರಾಕಿಗಳು ಕಡಿಮೆಯಾದರು. ನಾನು ಸ್ಟೂಲಿನ ಮೇಲೆ ಕೂತು, ಎಡಗಾಲನ್ನು ಒಂದು ಸೀರೆ ಪೆಟ್ಟಿಗೆಯ ಮೇಲಿಟ್ಟು, ಕೆಂಪು ದೀಪದ ಅಜ್ಜಿಯ ಬೈಗುಳವನ್ನು ನಟಿಸಿ ತೋರಿಸುತ್ತಿದ್ದೆ. ಸೇಠ್‌ಜಿ ಹತ್ತಿರ ಬಂದರು.

"ನೋವು ಹೆಂಗಿದೆ ಈಗ?"

"ಎರಡು ಸರ್" ಎಂದೆ. ಸೊನ್ನೆಯಿಂದ ಹತ್ತರ ಲೆಕ್ಕ ವಿವರಿಸಿದೆ. ಸೇಠ್‌ಜಿಗೆ ಬಹಳ ಮಜಾ ಅನ್ನಿಸಿತು.

"ಅಚ್ಛಾ! ಹೋಗೋಕ್ ಮುಂಚೆ ಎಷ್ಟಿತ್ತು?"

"ಎಂಟು ಸರ್."

ಅವರು ಮತ್ತೆ ನಗಲು ಹೊರಟು ನಿಲ್ಲಿಸಿದರು.

ಶೋಭಾ ಒಬ್ಬ ಹೆಂಗಸಿಗೆ ಲೈನಿಂಗ್ ಬಟ್ಟೆ ಅಳೆಯುತ್ತಿದ್ದಳು. ತಲೆ ಎತ್ತಲಿಲ್ಲ. "ನಂದು ಏಳು" ಎಂದಳು. "ಮನೆಗೆ ಹೋಗೋಷ್ಟೊತ್ತಿಗೆ ಎಂಟಾಗುತ್ತೆ."

ನಾವು ತಮಾಷೆ ಅಂದುಕೊಂಡು ನಕ್ಕೆವು. ಅವಳು ನಗಲಿಲ್ಲ. ಬಟ್ಟೆ ಕತ್ತರಿಸಿ ಮುಗಿಸಿ, ಸೀರೆಯ ನೆರಿಗೆಯನ್ನು ನಾಲ್ಕು ಬೆರಳು ಮೇಲೆತ್ತಿದಳು. ಕಣಕಾಲಿನ ಹತ್ತಿರ ಚರ್ಮ ಕಪ್ಪಾಗಿತ್ತು. ನನ್ನದು ಹುಣ್ಣಾಗುವ ಮುಂಚೆ ಹೇಗಿತ್ತೋ ಹಾಗೇ ಇತ್ತು.

"ಮೇರಾ ಭೀ ಲಿಖ್ ಲೋ ಮೂರ್ತಿ ಭಾಯ್, ನಂದೂ ಬರ್ಕೊಳ್ಳಿ" ಎಂದ ಬಾಷಾ, ಮಡಚುತ್ತಿದ್ದ ಸೀರೆಯಿಂದ ಕಣ್ಣು ತೆಗೆಯದೆ. "ಆರು. ಎರಡೂ ಕಾಲು."

ಯಾವ ಗಿರಾಕಿಯ ಮಗಳ ಮೈಬಣ್ಣಕ್ಕೆ ಯಾವ ಸೀರೆ ಒಪ್ಪುತ್ತದೆ ಎಂದು ಬಾಗಿಲಲ್ಲೇ ನೋಡಿ ಹೇಳುವವನು ನಾನು. ಹದಿನಾಲ್ಕು ವರ್ಷ ಪಕ್ಕದಲ್ಲಿ ನಿಂತ ಹೆಂಗಸಿನ ಕಾಲು ಒಂದು ದಿನವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ವಿಯೆನ್ನಾಗೆ ಹೋಗಿ ಬಂದ ಕಥೆಯನ್ನು ಬೆಳಿಗ್ಗೆಯಿಂದ ಅವಳು ನಿಂತುಕೊಂಡೇ ಕೇಳಿದ್ದಳು. ನಾನು ಕೂತುಕೊಂಡು ಹೇಳಿದ್ದೆ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಇಳಿದು ಸ್ಟೂಲನ್ನು ಅವಳ ಕಡೆ ಸರಿಸಿದೆ. "ಕೂತ್ಕೊಳಮ್ಮ."

"ಕಸ್ಟಮರ್ ಇದಾರೆ ಅಣ್ಣ."

"ಇರ್ಲಿ. ಕೂತ್ಕೋ."

ಅವಳು ಸೇಠ್‌ಜಿಯ ಮುಖ ನೋಡಿದಳು. ಸೇಠ್‌ಜಿ ಬೀದಿಯ ಕಡೆ ನೋಡಿದರು, ನನ್ನ ಕಾಗದವನ್ನು ಜೇಬಿನಿಂದ ತೆಗೆದು ಮತ್ತೆ ನೋಡಿದರು, ಆಮೇಲೆ, "ಬಾಷಾ, ಮೇಲೆ ಇನ್ನೂ ಸ್ಟೂಲ್ ಇದ್ಯಾ?" ಎಂದರು. "ಎರಡಿದೆ ಸರ್" ಎಂದ ಬಾಷಾ. "ಇಳ್ಸು" ಎಂದರು.

ಶೋಭಾ ಕೂತಳು. ಕೂತು ಇನ್ನೊಂದು ಬಟ್ಟೆಯ ಥಾನು ಬಿಚ್ಚಿ ಅಳೆಯತೊಡಗಿದಳು. ಒಂದು ಕಾಲನ್ನು ಮಾತ್ರ ನೆಲದ ಮೇಲೇ ಊರಿಕೊಂಡಿದ್ದಳು, ಯಾರಾದರೂ ಎಬ್ಬಿಸಿದರೆ ತಕ್ಷಣ ಎದ್ದು ನಿಲ್ಲಲು.